ಹೊಳೆಬಾಗಿಲಲ್ಲಿ ಕೂತ ಇಬ್ಬರು

"ಲಾಂಚ್ ಎಲ್ಲಿ?"

ಹೋದ ತಿಂಗಳ ಕ್ಲೋಸ್ಡ್ ಬೀಟಾದಲ್ಲಿ, ಅಂದರೆ ಆಯ್ದ ಆಟಗಾರರಿಗೆ ಮಾತ್ರ ಬಿಟ್ಟ ಪರೀಕ್ಷೆಯಲ್ಲಿ, ಒಬ್ಬ ಆಟಗಾರ ಚಾಟ್‌ನಲ್ಲಿ ಹಾಕಿದ ಸಾಲು ಇದು. ಇನ್ನೂ ಚುಚ್ಚುತ್ತಿದೆ. ಆ ಲಾಂಚ್ ತೆಗೆಸಿದ್ದು ನಾನೇ.

ನಾನು ಬೆಂಗಳೂರಿನ ಒಂದು ಗೇಮ್ ಸ್ಟುಡಿಯೋದಲ್ಲಿ ಸಿಸ್ಟಮ್ಸ್ ಡಿಸೈನರ್. ಇನ್ನೂ ಬಿಡುಗಡೆಯಾಗದ ಒಂದು ಎಂಎಂಒಆರ್‌ಪಿಜಿ (ಸಾವಿರಾರು ಜನ ಒಂದೇ ಲೋಕದಲ್ಲಿ ಸೇರಿ ಆಡುವ ಆನ್‌ಲೈನ್ ಆಟ) ಮೇಲೆ ಮೂರು ವರ್ಷದಿಂದ ಕೆಲಸ ಮಾಡುತ್ತಿದ್ದೇವೆ. ಆಟದ ನಡುವೆ ದೊಡ್ಡ ಹಿನ್ನೀರು ಇದೆ. ದಾಟಲು ಒಂದು ಲಾಂಚ್. ನಮ್ಮ ಎನ್ವಿರಾನ್ಮೆಂಟ್ ಆರ್ಟಿಸ್ಟ್ ಸಾಗರದ ಕಡೆಯವರು, ಸಿಗಂದೂರು ಲಾಂಚ್ ಹತ್ತಿ ಇಳಿದು ಬೆಳೆದವರು. ಅಗಲವಾದ ಡೆಕ್, ಗಾಡಿ ಹತ್ತಿಸುವ ಇಳಿಜಾರು ಹಲಗೆ, ಎಲ್ಲ ಹಾಗೇ ಮಾಡಿದ್ದರು. ಹತ್ತುವ ಜಾಗಕ್ಕೆ ಹೊಳೆಬಾಗಿಲು ಅಂತಲೇ ಹೆಸರು. ನಾಲ್ಕು ನಿಮಿಷಕ್ಕೊಮ್ಮೆ ಲಾಂಚ್ ಬರುತ್ತಿತ್ತು.

ಬೀಟಾಗೂ ಮೊದಲಿನ ಪರೀಕ್ಷೆ ಆಲ್ಫಾ. ಅದು ಮುಗಿದ ಮೇಲೆ ಟೆಲಿಮೆಟ್ರಿ, ಅಂದರೆ ಆಟಗಾರರು ಏನೇನು ಮಾಡಿದರು ಅನ್ನುವ ದಾಖಲೆ, ನೋಡಿದೆ. ಹೊಳೆಬಾಗಿಲಲ್ಲಿ ಐಡಲ್ ಟೈಮ್ ಕೆಂಪಗೆ ಉರಿಯುತ್ತಿತ್ತು. ನಮ್ಮ ಡ್ಯಾಶ್‌ಬೋರ್ಡ್‌ನಲ್ಲಿ ಆಟಗಾರ ಹೊಡೆಯುತ್ತಿದ್ದರೆ, ಓಡುತ್ತಿದ್ದರೆ ಹಸಿರು. ನಿಂತರೆ ಕೆಂಪು. ನಿಂತುಕೊಂಡು ಚಾಟ್ ಮಾಡಿದರೂ ಕೆಂಪೇ. ಇದನ್ನು ಸರಿಮಾಡಿ ಅಂತ ಟಿಕೆಟ್ ಹಾಕಿ ಎಂಟು ತಿಂಗಳಾಯಿತು, ಪ್ರತಿ ಸ್ಪ್ರಿಂಟ್‌ನಲ್ಲೂ ಆಮೇಲೆ ನೋಡೋಣ ಅನ್ನುವ ಬ್ಯಾಕ್‌ಲಾಗ್‌ಗೆ ಬೀಳುತ್ತದೆ. ಟೂಲ್‌ಗೆ ಸಮಯ ಕೇಳಿದರೆ ಮ್ಯಾನೇಜ್‌ಮೆಂಟ್ ಹತ್ತಿರ ಇರುವುದಿಲ್ಲ, ಟ್ರೇಲರ್‌ಗೆ ಮಾತ್ರ ಯಾವಾಗಲೂ ಇರುತ್ತದೆ. ಆದರೂ ತಪ್ಪು ಟೂಲ್‌ನದಲ್ಲ. ಆಲ್ಫಾದ ಚಾಟ್ ಲಾಗ್ ನನ್ನ ಹತ್ತಿರವೇ ಇತ್ತು. ಓದಲಿಲ್ಲ.

ಕಾಯಿಸಿದರೆ ಜನ ಬಿಟ್ಟು ಹೋಗುತ್ತಾರೆ ಅಂತ ರಿವ್ಯೂನಲ್ಲಿ ಜೋರಾಗಿ ವಾದಿಸಿದೆ. ಲಾಂಚ್ ಬದಲು ಒಂದು ಫಾಸ್ಟ್ ಟ್ರಾವೆಲ್ ಕಂಬ ನಿಲ್ಲಿಸಿದೆವು. ಒಂದು ಕ್ಲಿಕ್‌ಗೆ ಆಚೆ ದಡ. ಹೊಸ ಬಿಲ್ಡ್ ಆಡಿದ ಕ್ಯೂಎ (ಆಟ ಪರೀಕ್ಷಿಸುವ ತಂಡ) ಲೀಡ್ ಮೇಡಂ ಟಿಕೆಟ್ ಹಾಕಿದರು: ಹೊಳೆಬಾಗಿಲಲ್ಲಿ ಯಾರೂ ಸಿಗುತ್ತಿಲ್ಲ, ಊರು ಬಿಕೋ ಅನ್ನುತ್ತಿದೆ. ಇದು ಬಗ್ ಅಲ್ಲ ಅಂತ 'ವೋಂಟ್ ಫಿಕ್ಸ್' ಒತ್ತಿ ಮುಚ್ಚಿದೆ. ಊಟದ ಹೊತ್ತಿಗೆ ಅವರೇ ನನ್ನ ಸೀಟ್ ಹತ್ತಿರ ಬಂದರು. "ನೀವೇ ಒಂದ್ಸಲ ಅಲ್ಲಿ ನಿಂತು ನೋಡಿ, ಗೊತ್ತಾಗುತ್ತೆ" ಅಂದರು. ಬಿಲ್ಡ್ ಲಾಕ್, ಅಂದರೆ ಇನ್ನು ಏನೂ ಬದಲಿಸುವಂತಿಲ್ಲ ಅನ್ನುವ ದಿನ, ಹತ್ತಿರ ಬಂದಿತ್ತು. ನಿಂತು ನೋಡಲಿಲ್ಲ.

ಶನಿವಾರ ಸಂಜೆ ಏಳಕ್ಕೆ ಬೀಟಾ ಶುರುವಾಯಿತು. ಜಿಎಂ (ಗೇಮ್ ಮಾಸ್ಟರ್) ಅಕೌಂಟ್‌ನಲ್ಲಿ ಯಾರಿಗೂ ಕಾಣದ ಹಾಗೆ ಹೊಳೆಬಾಗಿಲಲ್ಲಿ ನಿಂತಿದ್ದೆ. ಜನ ಓಡಿ ಬರುತ್ತಿದ್ದರು, ಕಂಬ ಮುಟ್ಟುತ್ತಿದ್ದರು, ಮಾಯವಾಗುತ್ತಿದ್ದರು. ಎಷ್ಟು ಸಲೀಸಾಗಿದೆ ಅಂತ ಮೊದಲ ಇಪ್ಪತ್ತು ನಿಮಿಷ ನನಗೆ ಖುಷಿಯೇ ಆಯಿತು. ಲೋಕಲ್ ಚಾಟ್‌ನಲ್ಲಿ ಒಂದು ಸಾಲೂ ಇಲ್ಲ ಅನ್ನುವುದು ಕಣ್ಣಿಗೆ ಬೀಳಲೇ ಇಲ್ಲ.

ಏಳೂವರೆ ದಾಟಿದ ಮೇಲೆ ಇಬ್ಬರು ಬಂದರು. ಹೆಗಲ ಮೇಲೆ ಆಲ್ಫಾದವರಿಗೆ ಕೊಟ್ಟ ನೀಲಿ ಶಾಲು. ಒಬ್ಬ ಬಿಲ್ಲುಗಾರ, ಇನ್ನೊಂದು ಗಾಯ ವಾಸಿಮಾಡುವ ಹೀಲರ್. ಕಂಬದ ಕಡೆ ಹೋಗಲೇ ಇಲ್ಲ. ಹಲಗೆಯ ತುದಿಗೆ ನಡೆದು ನೀರಿಗೆ ಮುಖ ಮಾಡಿ ನಿಂತರು.

"ಲಾಂಚ್ ಎಲ್ಲಿ?"

"ಬರುತ್ತೆ ಇರು. ನಾಲ್ಕು ನಿಮಿಷ ಅಲ್ವಾ?"

ಸಿಟ್ ಇಮೋಟ್ ಹಾಕಿ ಪಕ್ಕಪಕ್ಕ ಕೂತರು. ಲಾಂಚ್ ಇಲ್ಲ ಅಂತ ನಾನು ಟೈಪ್ ಮಾಡಬಹುದಿತ್ತು. ಬೆರಳು ಏಳಲಿಲ್ಲ. ನಾಲ್ಕು ನಿಮಿಷ ಆಯಿತು. ಐದು ಆಯಿತು. ಹೀಲರ್ ಎದ್ದು ಹಲಗೆ ಮೇಲೆ ಒಂದು ಸುತ್ತು ಹಾಕಿ ಮತ್ತೆ ಅದೇ ಜಾಗದಲ್ಲಿ ಕೂತಿತು. ಹಿಂದೆ ಕಂಬದ ಹತ್ತಿರ ಜನ ಬಂದು ಹೋಗುತ್ತಲೇ ಇದ್ದರು. ಆರನೇ ನಿಮಿಷಕ್ಕೆ ಇನ್ನೊಂದು ಸಾಲು ಬಂತು.

"ತೆಗೆದುಬಿಟ್ಟಿದ್ದಾರೆ ಅನ್ಸುತ್ತೆ. ನಾವು ಸಿಕ್ಕಿದ್ದೇ ಇಲ್ಲಿ."

ಇಬ್ಬರೂ ಲಾಗ್‌ಔಟ್ ಆದರು. ಆ ವೀಕೆಂಡ್ ಮತ್ತೆ ಬರಲಿಲ್ಲ.

ರಾತ್ರಿ ಆಲ್ಫಾದ ಲಾಗ್ ತೆಗೆದು ಓದಿದೆ. ಮದ್ದು ಜಾಸ್ತಿ ಇದ್ದವರು ಇಲ್ಲದವರಿಗೆ ಕೊಟ್ಟಿದ್ದರು. ಗಿಲ್ಡ್ ಅಂತ ತಂಡ ಕಟ್ಟಿದ್ದರು. ನಾಳೆ ಪರೀಕ್ಷೆ ಅಂತ ಒಬ್ಬರು ಹೇಳಿದ್ದಕ್ಕೆ ಗುರುತೇ ಇಲ್ಲದ ಏಳು ಜನ ಆಲ್ ದಿ ಬೆಸ್ಟ್ ಹೇಳಿದ್ದರು. ನಾನು ಕೆಂಪು ಅಂತ ಅಳಿಸಿದ್ದು ಇದನ್ನು.

ಗೊತ್ತಿಲ್ಲದ ವಿಷಯವೂ ಅಲ್ಲ. 1999ರ ಎವರ್‌ಕ್ವೆಸ್ಟ್ ಅನ್ನುವ ಆಟದಲ್ಲಿ ಈಸ್ಟ್ ಕಾಮನ್‌ಲ್ಯಾಂಡ್ಸ್ ಅನ್ನುವ ಕಡೆ ಒಂದು ಸುರಂಗ ಇತ್ತು. ಅಲ್ಲಿ ಸೇರಿ, ಕೂಗಿ, ಚೌಕಾಸಿ ಮಾಡಿ ಅದನ್ನು ಸಂತೆ ಮಾಡಿದ್ದು ಆಟಗಾರರೇ. 2001ರ ಡಿಸೆಂಬರ್‌ನ ಎಕ್ಸ್‌ಪಾನ್ಷನ್‌ನಲ್ಲಿ ಬಜಾರ್ ಬಂತು. ಸಾಮಾನು ಇಟ್ಟು ಸುಮ್ನೆ ನಿಂತರೆ ಸಾಕು, ಬೇಕಾದವರು ಹುಡುಕಿ ಕೊಳ್ಳುತ್ತಾರೆ. ಅನುಕೂಲ ಹೌದು, ಆದರೆ ಸುರಂಗ ಬರಿದಾಯಿತು. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಆಟಕ್ಕೆ 2009ರಲ್ಲಿ ಡಂಜನ್ ಫೈಂಡರ್ ಬಂತು. ಡಂಜನ್ ಅಂದರೆ ಗುಂಪಾಗಿ ಇಳಿದು ಕಾದಾಡುವ ಜಾಗ; ಇದು ಅದಕ್ಕೆ ಜೊತೆಗಾರರನ್ನು ತಾನೇ ಹುಡುಕಿಕೊಡುತ್ತದೆ. ಬೇರೆ ಬೇರೆ ಸರ್ವರ್‌ನವರನ್ನು ಒಟ್ಟುಮಾಡಿ ನೇರ ಒಳಗೆ ಇಳಿಸುತ್ತದೆ, ಮುಗಿದ ಮೇಲೆ ಯಾರು ಯಾರಿಗೂ ಸಿಗಬೇಕಿಲ್ಲ. 2019ರಲ್ಲಿ ಹಳೆಯ ಆಟ ಕ್ಲಾಸಿಕ್ ಆಗಿ ಮರಳಿದಾಗ ಅದು ಇರಲಿಲ್ಲ. ಜನ ಲಾಗಿನ್ ಕ್ಯೂನಲ್ಲಿ ಗಂಟೆಗಟ್ಟಲೆ ಕಾದು ಒಳಗೆ ಬಂದರು, "ಒಬ್ಬ ಹೀಲರ್ ಬೇಕು" ಅಂತ ಚಾಟ್‌ನಲ್ಲಿ ಕೂಗಿ, ಡಂಜನ್‌ವರೆಗೆ ಜೊತೆಗೆ ನಡೆದರು. ಇದನ್ನೆಲ್ಲ ಹೊಸಬರಿಗೆ ಪಾಠ ಹೇಳಿದವನು ನಾನು.

ಸೋಮವಾರ ಆರ್ಟಿಸ್ಟ್ ಹತ್ತಿರ ಕ್ಷಮೆ ಕೇಳಿದೆ. ಅವರು ಬೈಯಲಿಲ್ಲ. "ನಮ್ಮೂರಲ್ಲಿ 2025ರ ಜುಲೈನಲ್ಲಿ ಸೇತುವೆ ಆಯ್ತು. ಆಗಲೇಬೇಕಿತ್ತು, ರಾತ್ರಿ ಹೊತ್ತು ಆಸ್ಪತ್ರೆಗೆ ಹೋಗೋಕೆ ಲಾಂಚ್ ಸಿಗ್ತಿರಲಿಲ್ಲ. ನಮ್ಮ ಆಟದಲ್ಲಿ ಆಚೆ ದಡಕ್ಕೆ ಯಾರಿಗೆ ಅರ್ಜೆಂಟ್ ಇದೆ ಹೇಳಿ?" ಅಂದರು.

ಸ್ಟೋರ್ ಪೇಜ್‌ಗೆ 'ಆಟಗಾರರು ಯಾಕೆ ಬರಬೇಕು' ಅಂತ ಐದು ಪಾಯಿಂಟ್ ಬರೆದುಕೊಟ್ಟವನೂ ನಾನೇ. ಮ್ಯಾಪ್ ಎಷ್ಟು ದೊಡ್ಡದು, ಕ್ಲಾಸ್ ಎಷ್ಟು, ಮೌಂಟ್ ಎಷ್ಟು. ಐದರಲ್ಲಿ ಒಂದರಲ್ಲೂ ಎರಡನೇ ಮನುಷ್ಯ ಇರಲಿಲ್ಲ. ಈಗ ಮೊದಲ ಪಾಯಿಂಟ್ ಬದಲಿಸಿದ್ದೇನೆ: 'ಲಾಂಚ್ ಕಾಯುವಾಗ ಜೊತೆ ಸಿಗುತ್ತದೆ.' ಇದನ್ನು ಟ್ರೇಲರ್‌ನಲ್ಲಿ ತೋರಿಸಲು ಆಗಲ್ಲ ಅಂತ ಮಾರ್ಕೆಟಿಂಗ್‌ನವರು ಎರಡು ಸಲ ವಾಪಸ್ ಕಳಿಸಿದ್ದಾರೆ. ಮೂರನೇ ಸಲವೂ ಅದನ್ನೇ ಕಳಿಸಿದ್ದೇನೆ.

ಮುಚ್ಚಿದ ಟಿಕೆಟ್ ನಾನೇ ರೀಓಪನ್ ಮಾಡಿದೆ. ಕಂಬ ಪೂರ್ತಿ ತೆಗೆಯಲು ಪ್ರೊಡ್ಯೂಸರ್ ಒಪ್ಪಲಿಲ್ಲ. ಲೆವೆಲ್ 30 ದಾಟಿದವರಿಗೆ ಮಾತ್ರ ಅಂತ ಮಾತಾಯಿತು. ಉಳಿದವರಿಗೆ ಲಾಂಚ್ ವಾಪಸ್. ಕಾಯುವುದನ್ನು ಎರಡು ನಿಮಿಷಕ್ಕೆ ಇಳಿಸೋಣ ಅಂದರು, ನಾಲ್ಕೇ ಇರಲಿ ಅಂದೆ.

ಮುಂದಿನ ಟೆಸ್ಟ್ ಈ ಶನಿವಾರ. ನೀಲಿ ಶಾಲಿನ ಇಬ್ಬರಿಗೂ ಲಾಂಚ್ ವಾಪಸ್ ಬಂದಿದೆ ಅಂತ ಬರೆದು ಹೊಸ ಕೀ ಕಳಿಸಿದ್ದೇವೆ. ಉತ್ತರ ಇನ್ನೂ ಬಂದಿಲ್ಲ. ಏಳು ಗಂಟೆಗೆ ನಾನು ಹೊಳೆಬಾಗಿಲಲ್ಲಿ ಇರುತ್ತೇನೆ, ಈ ಸಲ ಎಲ್ಲರಿಗೂ ಕಾಣುವ ಹಾಗೆ.