ಹನ್‌ಸ್ಪೆಲ್ ಜೋಡಿಸಿದರೂ ಎಲ್ಲ ಪದಕ್ಕೂ ಕೆಂಪು ಗೆರೆಯೇ?

ಮೈಸೂರಿನ ಡಿಟಿಪಿ ಅಂಗಡಿಗಳಿಗೆ ಸಾಫ್ಟ್‌ವೇರ್ ಬರೆಯುವವರು ಸ್ಪೆಲ್‌ಚೆಕ್‌ಗೆಂದು ದುಡ್ಡು ಸುರಿಯಬೇಕಿಲ್ಲ. ಲಿಬ್ರೆಆಫೀಸ್, ಫೈರ್‌ಫಾಕ್ಸ್ ಕಾಗುಣಿತ ಪರೀಕ್ಷೆಗೆ ಬಳಸುವ ಹನ್‌ಸ್ಪೆಲ್ ಉಚಿತ, ಮುಕ್ತ ತಂತ್ರಾಂಶ. ಅದಕ್ಕೆ ಬೇಕಿರುವುದು ಎರಡೇ ಫೈಲು: ಪದಗಳ ಡಿಕ್ (.dic), ಪ್ರತ್ಯಯ ನಿಯಮಗಳ ಆಫ್ (.aff). ಎರಡನ್ನೂ ಯುಟಿಎಫ್-8 ಎಂಬ ಯೂನಿಕೋಡ್ ಎನ್‌ಕೋಡಿಂಗ್‌ನಲ್ಲಿ ಉಳಿಸಿ, ಆಫ್ ಫೈಲಿನ ತಲೆಯಲ್ಲೇ ಅದನ್ನು ನಮೂದಿಸಿ. ಡಿಕ್‌ನ ಮೊದಲ ಸಾಲಿನಲ್ಲಿ ಪದಗಳ ಅಂದಾಜು ಸಂಖ್ಯೆ ಇರಲೇಬೇಕು, ಇಲ್ಲದಿದ್ದರೆ ಲೋಡ್ ಆಗುವಾಗಲೇ ಎರರ್.

ಲೈಬ್ರರಿ ಜೋಡಿಸುವುದು ಸಲೀಸು. ಒದ್ದಾಟವೆಲ್ಲ ಪ್ರತ್ಯಯಗಳದ್ದು, ನಿಯಮ ಇಲ್ಲದಿದ್ದರೆ ಪ್ರತ್ಯಯ ಸೇರಿದ ಸರಿ ಪದಕ್ಕೂ ಕೆಂಪು ಗೆರೆ. 'ಮೈಸೂರು' ಎಂಬಲ್ಲಿ ಕೊನೆಯ ಉಕಾರ ಕಿತ್ತು 'ಇನಿಂದ' ಸೇರಿಸಬೇಕು (ನಿಯಮದಲ್ಲಿ ಇಕಾರದ ಗುಣಿತ ಚಿಹ್ನೆಯನ್ನೇ ಬರೆಯಿರಿ, ಸ್ವರಾಕ್ಷರವನ್ನಲ್ಲ). 'ಮಂಡ್ಯ'ಕ್ಕೆ ಏನನ್ನೂ ಕೀಳದೆ 'ದಿಂದ' ಸಾಕು. ಎರಡಕ್ಕೂ ಒಂದೇ ಗುರುತು (ಪದಕ್ಕೆ ಯಾವ ನಿಯಮ ಎಂದು ಹೇಳುವ ಫ್ಲ್ಯಾಗ್) ಕೊಟ್ಟು, ಪದದ ಕೊನೆ ಹೇಗಿರಬೇಕೆಂಬ ಷರತ್ತು ಬಿಟ್ಟರೆ 'ಮೈಸೂರುದಿಂದ' ಕೂಡ ಸರಿಯೆಂದು ಪಾಸಾಗುತ್ತದೆ! ಕನ್ನಡದಲ್ಲಿ ಪದಪಟ್ಟಿ ಉದ್ದ ಮಾಡುವುದಕ್ಕಿಂತ ಈ ನಿಯಮಗಳಿಗೆ ಸಮಯ ಕೊಡುವುದೇ ಲಾಭ.

ಪಠ್ಯದಿಂದ ಪದ ಬಿಡಿಸಲು ಪೈಥಾನ್‌ನ ಮಾಮೂಲಿ ರೆಜೆಕ್ಸ್ (ಅಕ್ಷರಗಳ ಮಾದರಿ ಹುಡುಕುವ ಸೂತ್ರ) ನಂಬಬೇಡಿ, ಗುಣಿತ ಚಿಹ್ನೆ ಬಂದಲ್ಲೇ ಪದ ತುಂಡಾಗುತ್ತದೆ. ಯೂನಿಕೋಡ್ ಪಠ್ಯ ನಿಭಾಯಿಸುವ ಐಸಿಯು (ICU) ಲೈಬ್ರರಿ ಬಳಸಿ. 'ಕೊ'ದ ಒಕಾರ ಒಂದೇ ಸಂಕೇತವಾಗಿಯೂ ಎರಡಾಗಿಯೂ ಬರಬಹುದು, ಆದ್ದರಿಂದ ಪಠ್ಯ, ಪದಪಟ್ಟಿ ಎರಡನ್ನೂ ಎನ್‌ಎಫ್‌ಸಿಗೆ (ಇಂಥವನ್ನು ಒಂದೇ ಸಂಕೇತಕ್ಕೆ ತರುವ ಯೂನಿಕೋಡ್ ರೂಪ) ತನ್ನಿ. ಹಳೆಯ ನುಡಿ ಫಾಂಟಿನ ಫೈಲಾದರೆ ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ.