ಲ್ಯಾಪ್‌ಟಾಪನ್ನು ವಿದೇಶದಿಂದ ತರಿಸಿಕೊಂಡರೆ ಹಣ ಉಳಿಯುತ್ತದೆಯೇ?

ಮುಂಬೈಯ ಕನ್ನಡಿಗರ ಮನೆಗಳಲ್ಲಿ ಯಾರಾದರೊಬ್ಬರು ದುಬೈಯಲ್ಲೋ ಮಸ್ಕತ್ತಿನಲ್ಲೋ ನ್ಯೂಜೆರ್ಸಿಯಲ್ಲೋ ಇದ್ದೇ ಇರುತ್ತಾರೆ. ಆದ್ದರಿಂದ ಕಂಪ್ಯೂಟರಿನ ಕೆಲಸ ಬಲ್ಲವನೆಂದು ಹೆಸರಾದ ನನಗೆ ಮಾಟುಂಗದಿಂದ ಡೊಂಬಿವಲಿಯವರೆಗಿನ ಪರಿಚಿತರು ವರ್ಷವಿಡೀ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ ಬಗೆಯದು: “ಭಾವ ಮುಂದಿನ ತಿಂಗಳು ಅಮೆರಿಕದಿಂದ ಬರ್ತಿದ್ದಾರೆ, ಮಗಳ ಲ್ಯಾಪ್‌ಟಾಪ್ ಅಲ್ಲಿಂದಲೇ ತರಿಸಿಬಿಡಲೇ?” ಹೆಚ್ಚಿನವರಿಗೆ ನಾನು ಬೇಡವೆಂದೇ ಹೇಳುತ್ತೇನೆ, ಕೆಲವರಿಗೆ ಧಾರಾಳವಾಗಿ ತರಿಸಿಕೊಳ್ಳಿ ಎನ್ನುತ್ತೇನೆ. ಹಾಗೆ ಹೇಳುವ ಮೊದಲು ನಾನು ಮೂರು ವಿಷಯ ಕೇಳಿ ತಿಳಿದುಕೊಳ್ಳುತ್ತೇನೆ: ಯಾವ ಮಾದರಿ, ಕೆಟ್ಟರೆ ಅದನ್ನು ಇಲ್ಲಿ ಸರಿಪಡಿಸುವವರು ಯಾರು, ಮತ್ತು ಕೊಳ್ಳುವವರು ಜಿಎಸ್‌ಟಿ ನೋಂದಣಿ ಹೊಂದಿದ್ದಾರೆಯೇ.

ಮೊದಲು ಬೆಲೆಯ ಮಾತು. ಅಮೆರಿಕದ ಜಾಲತಾಣಗಳಲ್ಲಿ ಕಾಣುವ ಬೆಲೆಯಲ್ಲಿ ಅಲ್ಲಿನ ಮಾರಾಟ ತೆರಿಗೆ ಸೇರಿರುವುದಿಲ್ಲ. ನಮ್ಮಲ್ಲಿ ತೋರಿಸುವ ಬೆಲೆಯಲ್ಲಿ ಶೇ. 18ರ ಜಿಎಸ್‌ಟಿ ಸೇರಿಯೇ ಇರುತ್ತದೆ. ಈ ಎರಡನ್ನು ಅಕ್ಕಪಕ್ಕದಲ್ಲಿಟ್ಟು ಡಾಲರನ್ನು ರೂಪಾಯಿಗೆ ಗುಣಿಸಿದವರಿಗೆ ಉಳಿತಾಯ ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಮಾರಾಟ ತೆರಿಗೆ ಕನಿಷ್ಠ ಶೇ. 7.25; ಊರಿನಿಂದ ಊರಿಗೆ ಅದರ ಮೇಲೆ ಇನ್ನಷ್ಟು ಸೇರುವುದುಂಟು. ಆರೆಗಾನ್, ಡೆಲವೇರ್, ನ್ಯೂ ಹ್ಯಾಂಪ್‌ಶೈರ್, ಮೊಂಟಾನಾ ರಾಜ್ಯಗಳಲ್ಲಿ ರಾಜ್ಯದ ಮಾರಾಟ ತೆರಿಗೆಯೇ ಇಲ್ಲ, ಆದರೆ ನಮ್ಮ ಬಂಧುಗಳೆಲ್ಲ ಅಲ್ಲಿಯೇ ಇರುವುದಿಲ್ಲವಲ್ಲ. ಹಣವನ್ನು ಇಲ್ಲಿನ ಕ್ರೆಡಿಟ್ ಕಾರ್ಡಿನಿಂದ ಕೊಟ್ಟರೆ ಅನೇಕ ಬ್ಯಾಂಕುಗಳು ವಿದೇಶಿ ವಿನಿಮಯಕ್ಕೆಂದು ಶೇ. 3.5ರವರೆಗೆ ಶುಲ್ಕ ಹಾಕುತ್ತವೆ, ಆ ಶುಲ್ಕದ ಮೇಲೆ ಮತ್ತೆ ಜಿಎಸ್‌ಟಿ ಇದೆ. ಹೀಗೆ ಲೆಕ್ಕ ಹಾಕಿದರೆ 1,000 ಡಾಲರಿನ ಲ್ಯಾಪ್‌ಟಾಪ್ ಕ್ಯಾಲಿಫೋರ್ನಿಯಾದ ಕನಿಷ್ಠ ತೆರಿಗೆಯಲ್ಲೂ ಸುಮಾರು 1,117 ಡಾಲರಿಗೆ ಬಂದು ನಿಲ್ಲುತ್ತದೆ. ಬಂಧುಗಳು ತಮ್ಮದೇ ಕಾರ್ಡಿನಿಂದ ಕೊಟ್ಟರೆ ವಿನಿಮಯ ಶುಲ್ಕ ತಪ್ಪುತ್ತದೆ, ತೆರಿಗೆ ತಪ್ಪುವುದಿಲ್ಲ.

ದುಬೈಯಲ್ಲಿ ವ್ಯಾಟ್ ಶೇ. 5 ಮಾತ್ರ, ಅದು ಜಾರಿಗೆ ಬಂದದ್ದೇ 2018ರ ಜನವರಿಯಲ್ಲಿ. ಪ್ರವಾಸಕ್ಕೆ ಹೋದವರು ಅದರ ಬಹುಭಾಗವನ್ನು ಹಿಂಪಡೆಯಬಹುದು. ಅಂಗಡಿಯಲ್ಲಿ ಪಾಸ್‌ಪೋರ್ಟ್ ತೋರಿಸಿ ಬಿಲ್ಲನ್ನು ಪ್ರವಾಸಿಗರ ತೆರಿಗೆ ಮರುಪಾವತಿ ಯೋಜನೆಯಡಿ ಮಾಡಿಸಿಕೊಂಡು, ವಿಮಾನ ನಿಲ್ದಾಣದಲ್ಲಿ ಸಾಮಾನು ಒಪ್ಪಿಸುವ ಮೊದಲೇ ದೃಢೀಕರಿಸಿಕೊಳ್ಳಬೇಕು. ಆದರೆ ಈ ಅನುಕೂಲ ಪ್ರವಾಸಿಗರಿಗೆ ಮಾತ್ರ. ಅಲ್ಲಿಯೇ ನೆಲೆಸಿ ದುಡಿಯುತ್ತಿರುವ ನಿಮ್ಮ ಅಣ್ಣನಿಗೆ ಅದು ಸಿಗುವುದಿಲ್ಲ. ಬ್ರಿಟನ್ ತನ್ನ ಅಂಗಡಿಗಳಲ್ಲಿ ವಿದೇಶಿ ಪ್ರವಾಸಿಗರಿಗೆ ಕೊಡುತ್ತಿದ್ದ ಇಂತಹ ಮರುಪಾವತಿಯನ್ನು 2021ರ ಜನವರಿಯಿಂದ ನಿಲ್ಲಿಸಿದೆ.

ಇಲ್ಲಿ ಲ್ಯಾಪ್‌ಟಾಪ್ ದುಬಾರಿಯಾಗಿರುವುದು ಆಮದು ಸುಂಕದಿಂದ ಎಂದು ಹಲವರು ನಂಬಿದ್ದಾರೆ. ವಾಸ್ತವದಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯ ಮಾಹಿತಿ ತಂತ್ರಜ್ಞಾನ ಒಪ್ಪಂದಕ್ಕೆ ಭಾರತವೂ ಸೇರಿರುವುದರಿಂದ ವ್ಯಾಪಾರಿಗಳು ತರಿಸುವ ಲ್ಯಾಪ್‌ಟಾಪಿನ ಮೇಲೆ ಮೂಲ ಕಸ್ಟಮ್ಸ್ ಸುಂಕವಿಲ್ಲ. ಬೀಳುವುದು ಮುಖ್ಯವಾಗಿ ಶೇ. 18ರ ಜಿಎಸ್‌ಟಿ. ಇದನ್ನು ಒತ್ತಿ ಹೇಳಲು ಕಾರಣವಿದೆ. ಮುಂಬೈಯಲ್ಲಿ ಸ್ವಂತವಾಗಿ ವಿನ್ಯಾಸ, ಲೆಕ್ಕಪತ್ರ, ಅನುವಾದ, ಸಾಫ್ಟ್‌ವೇರ್ ಕೆಲಸ ಮಾಡುವ ನಮ್ಮವರಲ್ಲಿ ಜಿಎಸ್‌ಟಿ ನೋಂದಣಿ ಇರುವವರು ಬಹಳ ಮಂದಿ. ಅವರು ತಮ್ಮ ನೋಂದಣಿ ಸಂಖ್ಯೆ ನಮೂದಾದ ಬಿಲ್ ಪಡೆದು ವೃತ್ತಿಗಾಗಿ ಲ್ಯಾಪ್‌ಟಾಪ್ ಕೊಂಡರೆ, ಕೊಟ್ಟ ತೆರಿಗೆಯನ್ನು ತಾವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳಬಹುದು. 1,18,000 ರೂಪಾಯಿಯ ಯಂತ್ರ ಅವರಿಗೆ ಒಂದು ಲಕ್ಷಕ್ಕೆ ಬಿದ್ದಂತಾಯಿತು. ಭಾವ ಸೂಟ್‌ಕೇಸಿನಲ್ಲಿ ತಂದ ಲ್ಯಾಪ್‌ಟಾಪಿಗೆ ಈ ಅನುಕೂಲವಿಲ್ಲ, ಏಕೆಂದರೆ ಭಾರತದ ತೆರಿಗೆಯನ್ನು ಅಲ್ಲಿ ಕಟ್ಟಿಯೇ ಇಲ್ಲ. ನೋಂದಣಿ ಇರುವವರು ಈ ಒಂದು ಲೆಕ್ಕ ಹಾಕಿದರೆ ಸಾಕು, ಉಳಿದ ಚರ್ಚೆ ಬಹುತೇಕ ಅಲ್ಲಿಗೇ ಮುಗಿಯುತ್ತದೆ.

ಕಸ್ಟಮ್ಸ್ ನಿಯಮದ ಬಗ್ಗೆ ಅನಗತ್ಯ ಭಯವೂ ಅನಗತ್ಯ ಧೈರ್ಯವೂ ಎರಡೂ ಇವೆ. 18 ವರ್ಷ ತುಂಬಿದ ಪ್ರಯಾಣಿಕರು ಒಂದು ಲ್ಯಾಪ್‌ಟಾಪನ್ನು ಸುಂಕವಿಲ್ಲದೆ ತರಬಹುದು, ಅದು ಇತರ ವಸ್ತುಗಳ ಸುಂಕರಹಿತ ಮಿತಿಯಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ವಿಮಾನದ ಸಿಬ್ಬಂದಿಗೆ ಈ ರಿಯಾಯಿತಿ ಇಲ್ಲ, ಮಕ್ಕಳ ಹೆಸರಿನಲ್ಲೂ ಇಲ್ಲ. ತಮ್ಮ ಆಫೀಸಿನ ಲ್ಯಾಪ್‌ಟಾಪಿನೊಂದಿಗೆ ನಿಮಗಾಗಿ ಇನ್ನೊಂದು ಹೊಸದನ್ನು ಹೊತ್ತು ಬರುವ ಬಂಧು, ಸಹಾರಿನ ವಿಮಾನ ನಿಲ್ದಾಣದ ಟರ್ಮಿನಲ್ 2ರಲ್ಲಿ, ಸುಂಕ ಕಟ್ಟಬೇಕಾದ ವಸ್ತುವಿಲ್ಲದವರಿಗೆಂದು ಇರುವ ಹಸಿರು ದಾರಿಯಲ್ಲಿ ನಡೆಯುತ್ತಿರುವಾಗ ಪ್ರಶ್ನೆ ಎದುರಾದರೆ ಉತ್ತರಿಸಬೇಕಾದವರು ಅವರೇ, ನೀವಲ್ಲ. ಎರಡು ವರ್ಷಕ್ಕೊಮ್ಮೆ ತಾಯಿಯನ್ನು ನೋಡಲು ಬರುವವರನ್ನು, ಹದಿನಾರು ಗಂಟೆಯ ಪ್ರಯಾಣ ಮುಗಿಸಿ ಇಳಿದ ಹೊತ್ತಿನಲ್ಲಿ, ಅಧಿಕಾರಿಯ ಮುಂದೆ ನಿಲ್ಲಿಸುವುದು ನ್ಯಾಯವೆಂದು ನನಗೆ ತೋರುವುದಿಲ್ಲ. ಕೇಳಲೇಬೇಕಿದ್ದರೆ ಮೊದಲೇ ಎಲ್ಲವನ್ನೂ ವಿವರಿಸಿ, ಬೇಡವೆನ್ನಲು ಅವರಿಗೆ ದಾರಿಯಿಟ್ಟು ಕೇಳಿ; ಸುಂಕ ಬಿದ್ದರೆ ಅದನ್ನು ನೀವೇ ಕೊಡುವುದಾಗಿಯೂ ಹೇಳಿ.

ಅಂಚೆ ಅಥವಾ ಕೊರಿಯರ್ ಮೂಲಕ ತರಿಸುವುದು ಬೇರೆಯೇ ವಿಷಯ. ಪ್ರಯಾಣಿಕರ ರಿಯಾಯಿತಿ ಅದಕ್ಕೆ ಅನ್ವಯಿಸುವುದಿಲ್ಲ. ಉಡುಗೊರೆಯೆಂದು ಬರೆದು ಕಳುಹಿಸಿದರೆ ಸುಂಕವಿಲ್ಲ ಎಂಬ ಹಳೆಯ ಸಲಹೆ ಈಗಲೂ ಓಡಾಡುತ್ತಿದೆ. ಆ ವಿನಾಯಿತಿಯನ್ನು ರಾಖಿ ಮತ್ತು ಜೀವರಕ್ಷಕ ಔಷಧಗಳಿಗೆ ಬಿಟ್ಟು 2019ರ ಡಿಸೆಂಬರಿನಲ್ಲಿಯೇ ಹಿಂತೆಗೆದುಕೊಳ್ಳಲಾಗಿದೆ. 2023ರ ಆಗಸ್ಟಿನಲ್ಲಿ ಲ್ಯಾಪ್‌ಟಾಪ್ ಆಮದಿಗೆ ನಿರ್ಬಂಧ ಹೇರಿದಾಗಲೂ ಸ್ವಂತಕ್ಕೆ ಒಂದನ್ನು ತರಿಸಿಕೊಳ್ಳಲು ಅವಕಾಶವಿತ್ತು, ಆದರೆ ಸುಂಕ ಕಟ್ಟಿ. ಬಲ್ಲಾರ್ಡ್ ಎಸ್ಟೇಟಿನ ವಿದೇಶಿ ಅಂಚೆ ಕಚೇರಿಯ ಮೂಲಕ ಬರಲಿ, ಖಾಸಗಿ ಕೊರಿಯರಿನಲ್ಲಿ ಬರಲಿ, ಸುಂಕ, ತೆರಿಗೆ ಮತ್ತು ಸಾಗಣೆ ಸೇರಿದ ಮೇಲೆ ಉಳಿಯುವುದು ಏನೂ ಇಲ್ಲವೆಂದೇ ತಿಳಿಯಿರಿ.

ಇನ್ನು ವಾರಂಟಿ. ಜನ ಅತಿ ಕಡಿಮೆ ಗಮನ ಕೊಡುವುದು ಇದಕ್ಕೆ, ಆಮೇಲೆ ಅತಿ ಹೆಚ್ಚು ನೋಯುವುದೂ ಇದರಿಂದಲೇ. ಆ್ಯಪಲ್‌ನ ಮ್ಯಾಕ್‌ಬುಕ್ಕಿಗೆ ಎಲ್ಲಿ ಕೊಂಡರೂ ಮೊದಲ ವರ್ಷ ಇಲ್ಲಿನ ಅಧಿಕೃತ ಕೇಂದ್ರಗಳಲ್ಲಿ ಸಾಮಾನ್ಯವಾಗಿ ಸೇವೆ ದೊರೆಯುತ್ತದೆ. ವಿಂಡೋಸ್ ಲ್ಯಾಪ್‌ಟಾಪುಗಳ ವಿಷಯ ಹಾಗಲ್ಲ. ಒಂದೇ ಕಂಪನಿಯ ಕಚೇರಿ ಬಳಕೆಯ ಮಾಲಿಕೆಗೆ ಅಂತರರಾಷ್ಟ್ರೀಯ ವಾರಂಟಿ ಇದ್ದು, ಮನೆ ಬಳಕೆಯ ಅಗ್ಗದ ಮಾಲಿಕೆಗೆ ಇಲ್ಲದಿರಬಹುದು. ಕೆಲವು ಕಂಪನಿಗಳು ಯಂತ್ರದ ವಾರಂಟಿಯನ್ನು ಭಾರತಕ್ಕೆ ವರ್ಗಾಯಿಸಿಕೊಳ್ಳುವಂತೆ ಕೇಳುತ್ತವೆ, ಅದಕ್ಕೆ ಮೂಲ ಬಿಲ್ ಬೇಕಾಗುತ್ತದೆ. ಬಿದ್ದು ಒಡೆದರೆ, ನೀರು ಚೆಲ್ಲಿದರೆ ಎಂದು ಹೆಚ್ಚುವರಿ ಹಣ ಕೊಟ್ಟು ಕೊಳ್ಳುವ ರಕ್ಷಣಾ ಯೋಜನೆ ಹಲವು ಸಂದರ್ಭಗಳಲ್ಲಿ ಕೊಂಡ ದೇಶಕ್ಕೇ ಸೀಮಿತ. ಭಾರತದಲ್ಲಿ ಮಾರದ ಮಾದರಿಯಾದರೆ ವಾರಂಟಿ ಇದ್ದರೂ ಬಿಡಿಭಾಗಕ್ಕಾಗಿ ವಾರಗಟ್ಟಲೆ ಕಾಯಬೇಕಾದೀತು. ಅಮೆರಿಕದ ಅಂಗಡಿಯ ಕೊಡುಗೆಯಲ್ಲಿ ಕಣ್ಣು ಕುಕ್ಕುವ ಬೆಲೆಗೆ ಸಿಗುವುದು ಅನೇಕ ಬಾರಿ ಇಂತಹ ಮಾದರಿಗಳೇ. ಪರೀಕ್ಷೆಯ ವಾರದಲ್ಲಿ ಪರದೆ ಕಪ್ಪಾಗಿ, ಸರ್ವಿಸ್ ಸೆಂಟರಿನಿಂದ ಸರ್ವಿಸ್ ಸೆಂಟರಿಗೆ ಅಲೆಯುವ ವಿದ್ಯಾರ್ಥಿಗಳನ್ನು ನಾನು ನೋಡಿದ್ದೇನೆ. ಅವರ ಮನೆಯವರು ಉಳಿಸಿದ ಹತ್ತು ಹನ್ನೆರಡು ಸಾವಿರ ಆಗ ಯಾರ ನೆನಪಿಗೂ ಬರುವುದಿಲ್ಲ.

ಇದಕ್ಕೆ ಹೊಂದಿಕೊಂಡೇ ಇನ್ನೊಂದು ತೊಡಕಿದೆ. ಅಮೆರಿಕದ ಅಂಗಡಿಗಳು ಕೊಂಡ ವಸ್ತುವನ್ನು ಕೆಲವು ವಾರಗಳೊಳಗೆ ಹಿಂತಿರುಗಿಸಲು ಉದಾರವಾಗಿ ಅವಕಾಶ ಕೊಡುತ್ತವೆ. ಆದರೆ ಬಂಧುಗಳು ಡಬ್ಬವನ್ನು ತೆರೆಯದೆ ಹಾಗೆಯೇ ಇಲ್ಲಿಗೆ ತಂದರೆ ದೋಷ ತಿಳಿಯುವ ಹೊತ್ತಿಗೆ ಆ ಅವಧಿ ಮುಗಿದಿರುತ್ತದೆ. ಆದ್ದರಿಂದ ಅಲ್ಲಿಯೇ ತೆರೆದು ನಾಲ್ಕಾರು ದಿನ ಬಳಸಿ ಪರದೆ, ಕೀಲಿಗಳು, ಕ್ಯಾಮೆರಾ, ಚಾರ್ಜಿಂಗ್ ಎಲ್ಲವನ್ನೂ ಪರೀಕ್ಷಿಸಲು ಹೇಳಿ. ತರುವಾಗ ಕೈಚೀಲದಲ್ಲೇ ಇರಲಿ.

ಚಾರ್ಜರಿನ ಚಿಂತೆ ಬೇಡ. ಈಗಿನ ಚಾರ್ಜರುಗಳು 100ರಿಂದ 240 ವೋಲ್ಟಿನವರೆಗೆ ಕೆಲಸ ಮಾಡುತ್ತವೆ, ಬದಲಾಯಿಸಬೇಕಾದದ್ದು ಗೋಡೆಗೆ ಚುಚ್ಚುವ ತಂತಿಯನ್ನು ಮಾತ್ರ. ಕೀಬೋರ್ಡನ್ನು ಮಾತ್ರ ಗಮನಿಸಿ: ಜರ್ಮನಿ ಮತ್ತು ಫ್ರಾನ್ಸಿನ ಯಂತ್ರಗಳಲ್ಲಿ ಇಂಗ್ಲಿಷ್ ಅಕ್ಷರಗಳ ಸ್ಥಾನವೇ ಬೇರೆ, ಜಪಾನಿನವುಗಳಲ್ಲಿ ಹೆಚ್ಚುವರಿ ಕೀಲಿಗಳಿರುತ್ತವೆ. ಕನ್ನಡ ಗಣಕ ಪರಿಷತ್ತಿನ ‘ಕಗಪ’ ಕೀಲಿ ವಿನ್ಯಾಸದಲ್ಲಿ ಇಂಗ್ಲಿಷ್ ಅಕ್ಷರ ನೋಡಿಕೊಂಡೇ ಕನ್ನಡ ಟೈಪಿಸಲು ಕಲಿಯುತ್ತಿರುವವರಿಗೆ ಇದು ದಿನನಿತ್ಯದ ತೊಂದರೆಯಾಗುತ್ತದೆ.

ಹಾಗಾದರೆ ಯಾರು ತರಿಸಿಕೊಳ್ಳಬಹುದು? ಬೇಕಾದದ್ದು ದುಬಾರಿ ಮಾದರಿಯಾಗಿದ್ದು, ಅದೇ ಮಾದರಿ ಭಾರತದಲ್ಲೂ ಮಾರಾಟದಲ್ಲಿದ್ದು, ಅದರ ವಾರಂಟಿ ಇಲ್ಲಿ ನಡೆಯುತ್ತದೆಂದು ಕಂಪನಿಯಿಂದ ಲಿಖಿತವಾಗಿ ಖಚಿತಪಡಿಸಿಕೊಂಡು, ಜಿಎಸ್‌ಟಿ ನೋಂದಣಿ ಇಲ್ಲದೆ, ಹೇಗೂ ಬರಲಿರುವ ಬಂಧುಗಳು ಮನಸಾರೆ ಒಪ್ಪಿದ್ದರೆ ಮಾತ್ರ. ಅಂಥವರಿಗೆ ಉಳಿತಾಯ ನಿಜವಾಗಿಯೂ ಇದೆ. ಅಗ್ಗದ ಅಥವಾ ಮಧ್ಯಮ ಬೆಲೆಯ ಯಂತ್ರ ಸಾಕೆನ್ನುವವರು, ಕಾಲೇಜಿಗೆ ಹೊರಟ ಮಕ್ಕಳಿರುವವರು ಗ್ರ್ಯಾಂಟ್ ರೋಡ್ ನಿಲ್ದಾಣದಲ್ಲಿ ಇಳಿದು ಲ್ಯಾಮಿಂಗ್ಟನ್ ರಸ್ತೆಗೆ ಹೋಗಿ, ಎರಡು ಮೂರು ಅಂಗಡಿಗಳಲ್ಲಿ ವಿಚಾರಿಸಿ, ಬ್ಯಾಂಕ್ ಕಾರ್ಡುಗಳ ರಿಯಾಯಿತಿಯನ್ನೂ ಸೇರಿಸಿ ಬೆಲೆ ಹೋಲಿಸಿ ನೋಡಲಿ. ಅಂತರ ಅವರು ಅಂದುಕೊಂಡದ್ದಕ್ಕಿಂತ ಚಿಕ್ಕದಿರುವ ಸಾಧ್ಯತೆಯೇ ಹೆಚ್ಚು. ಬಿಲ್ ಇಲ್ಲದೆ ಕಡಿಮೆಗೆ ಕೊಡುತ್ತೇವೆ ಎನ್ನುವ ವಿದೇಶಿ ಮಾಲನ್ನು ಮಾತ್ರ ಮುಟ್ಟಬೇಡಿ: ಅದರಲ್ಲಿ ಹೊರದೇಶದ ಖರೀದಿಯ ತೊಡಕುಗಳೆಲ್ಲ ಇರುತ್ತವೆ, ಕೇಳಲು ಬಂಧುವೂ ಇರುವುದಿಲ್ಲ.

ಈಗಾಗಲೇ ತರಿಸಿಕೊಂಡಿರುವವರು ಇವತ್ತೇ ಮಾಡಬೇಕಾದ ಕೆಲಸವೊಂದಿದೆ. ಯಂತ್ರದ ಹಿಂಬದಿಯ ಕ್ರಮಸಂಖ್ಯೆಯನ್ನು ಕಂಪನಿಯ ಜಾಲತಾಣದಲ್ಲಿ ಹಾಕಿ ವಾರಂಟಿ ಯಾವ ದೇಶದ್ದು, ಎಂದಿನವರೆಗೆ ಎಂದು ನೋಡಿ. ಭಾರತಕ್ಕೆ ವರ್ಗಾಯಿಸಲು ಅವಕಾಶವಿದ್ದರೆ ಕೆಡುವವರೆಗೆ ಕಾಯದೆ ಅರ್ಜಿ ಸಲ್ಲಿಸಿ. ಅಂಗಡಿಯ ಬಿಲ್ಲಿನ ಪ್ರತಿಯನ್ನು ಬಂಧುಗಳಿಂದ ಇಮೇಲಿನಲ್ಲಿ ತರಿಸಿ ಇಟ್ಟುಕೊಳ್ಳಿ, ಏಕೆಂದರೆ ವಾರಂಟಿ ಆರಂಭವಾದದ್ದು ಅದು ನಿಮ್ಮ ಕೈಗೆ ಬಂದ ದಿನವಲ್ಲ, ಅಲ್ಲಿ ಬಿಲ್ಲಾದ ದಿನ.