ಪುಸ್ತಕ ಬ್ಯಾರೆ, ಜೀವನ ಬ್ಯಾರೆ, ಅಲ್ರೀ ಮೇಡಂ?

ಕಲಬುರಗಿಯಲ್ಲಿ ಬಿ.ಎಡ್. ವಿದ್ಯಾರ್ಥಿಗಳಿಗೆ ಮಕ್ಕಳ ಬೆಳವಣಿಗೆಯ ಪಾಠ ಮಾಡುತ್ತೇನೆ. ಮಗುವಿನ ಯೋಚನೆ ಹಂತ ಹಂತವಾಗಿ ಬೆಳೆಯುತ್ತದೆ ಅಂದ ಪಿಯಾಜೆ, ವ್ಯಕ್ತಿತ್ವವೂ ಹಾಗೆಯೇ ಅಂದ ಎರಿಕ್ಸನ್, ಈ ಇಬ್ಬರು ಮನಶ್ಶಾಸ್ತ್ರಜ್ಞರು ಆ ಪಾಠದಲ್ಲಿ ಬರುತ್ತಾರೆ. ಕ್ಲಾಸಿನಲ್ಲಿ, ಬಸ್ಸಿನಲ್ಲಿ, ಮದುವೆ ಮನೆಯಲ್ಲಿ ಊಟಕ್ಕೆ ಕುಳಿತಾಗಲೂ ಒಂದೇ ಪ್ರಶ್ನೆ: "ಆ ಪಿಯಾಜೆ, ಎರಿಕ್ಸನ್ ಹೇಳಿದ್ದು ನಮ್ಮ ಮಕ್ಕಳಿಗೆ ಎಲ್ಲಿ ಹೊಂದ್ತದ್ರಿ? ಪುಸ್ತಕ ಬ್ಯಾರೆ, ಜೀವನ ಬ್ಯಾರೆ, ಅಲ್ರೀ ಮೇಡಂ?"

ಆ ಕೊನೆಯ 'ಅಲ್ರೀ' ನನಗೆ ಸಿಟ್ಟು ತರಿಸುತ್ತದೆ. ಉತ್ತರವನ್ನು ಮೊದಲೇ ಕಟ್ಟಿಕೊಂಡು ಬಂದಿರುತ್ತಾರೆ, ನಾನು ಹೂಂ ಅನ್ನಬೇಕು ಅಷ್ಟೆ. ನಾನು ಅನ್ನುವುದಿಲ್ಲ. ಯಾಕೆ ಅಂತ ಇಲ್ಲಿ ಒಮ್ಮೆ ಬರೆದುಬಿಡುತ್ತೇನೆ.

ಕೆಲವು ವರ್ಷಗಳ ಹಿಂದೆ ವಿದ್ಯಾರ್ಥಿಗಳನ್ನು ಆಳಂದದ ಕಡೆ ಒಂದು ಹಳ್ಳಿ ಶಾಲೆಗೆ ಕರೆದುಕೊಂಡು ಹೋಗಿದ್ದೆ. ಪಿಯಾಜೆಯ ನೀರಿನ ಪ್ರಯೋಗ ತೋರಿಸಬೇಕಿತ್ತು. ಒಂದೇ ಥರದ ಎರಡು ಲೋಟದಲ್ಲಿ ಸಮ ನೀರು. ಒಂದರ ನೀರನ್ನು ಎತ್ತರದ, ಸಣ್ಣ ಬಾಯಿಯ ಗ್ಲಾಸಿಗೆ ಸುರಿದು, ಎಲ್ಲಿ ಜಾಸ್ತಿ ಇದೆ ಅಂತ ಕೇಳಬೇಕು. ಏಳರ ಒಳಗಿನ ಮಕ್ಕಳು ಸಾಮಾನ್ಯವಾಗಿ ಎತ್ತರದ ಗ್ಲಾಸನ್ನೇ ತೋರಿಸುತ್ತಾರೆ. ಆರು ವರ್ಷದ ಹುಡುಗಿಯೊಬ್ಬಳು ಮುಂದೆ ಬಂದಳು. "ಎರಡೂ ಅಷ್ಟೇ ಅದರಿ," ಅಂದಳು. ಹೇಗೆ ಅಂದೆ. "ನಮ್ಮವ್ವ ದಿನಾ ಹಾಲು ಅಳೀತಾಳ್ರಿ. ಚರಗಿ ಬದಲು ಮಾಡಿದ್ರ ಹಾಲು ಹೆಚ್ಚಾಗ್ತದೇನ್ರಿ?"

ನನ್ನ ವಿದ್ಯಾರ್ಥಿಗಳು ಚಪ್ಪಾಳೆ ಹೊಡೆದರು. ಪಿಯಾಜೆ ಸೋತ ಅಂತ ಖುಷಿ! ನಾನು ಬುತ್ತಿ ಬಿಚ್ಚಿ ಎರಡು ಜೋಳದ ರೊಟ್ಟಿ ತೆಗೆದೆ. ಒಂದನ್ನು ಎರಡು ತುಂಡು ಮಾಡಿದೆ, ಇನ್ನೊಂದನ್ನು ಐದು. ಅದೇ ಹುಡುಗಿ ಐದು ತುಂಡಿನ ಕಡೆ ಕೈ ಮಾಡಿ, "ಇಲ್ಲಿ ಜಾಸ್ತಿ ಅದರಿ," ಅಂದಳು. ಚಪ್ಪಾಳೆ ನಿಂತಿತು.

ಈಗ ಹೇಳಿ, ಪುಸ್ತಕ ಸರಿಯಾ, ಜೀವನ ಸರಿಯಾ? ಆ ಮಗುವಿನ ತಲೆಯಲ್ಲಿ ಎರಡೂ ಇದ್ದವು. ದಿನಾ ಕಣ್ಣೆದುರು ನಡೆಯುವ ಕೆಲಸದಲ್ಲಿ ಬುದ್ಧಿ ಮೊದಲು ಓಡುತ್ತದೆ. 1969ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಮೆಕ್ಸಿಕೋದ ಕುಂಬಾರರ ಮಕ್ಕಳು ಜೇಡಿಮಣ್ಣಿನ ಇಂಥದೇ ಪ್ರಶ್ನೆಗೆ ಬೇರೆ ಮಕ್ಕಳಿಗಿಂತ ಚೆನ್ನಾಗಿ ಉತ್ತರಿಸಿದ್ದರು. ಬ್ರೆಜಿಲ್‌ನ ರೆಸಿಫೆಯಲ್ಲಿ ಬೀದಿ ವ್ಯಾಪಾರ ಮಾಡುವ ಮಕ್ಕಳು ಮಾರುವಾಗ ನೂರಕ್ಕೆ 98 ಲೆಕ್ಕ ಸರಿ ಹೇಳಿದರು. ಅದೇ ಲೆಕ್ಕವನ್ನು ಶಾಲೆಯ ರೀತಿಯಲ್ಲಿ ಕೊಟ್ಟಾಗ ಸರಿಯಾದದ್ದು ಸುಮಾರು 37. ಇದು 1985ರ ಮಾತು.

ಪಿಯಾಜೆಗೂ ಇದರ ಸುಳಿವು ಇತ್ತು. ವಸ್ತುವಿನ ಪ್ರಮಾಣ ಬದಲಾಗಿಲ್ಲ ಅಂತ ಮಗುವಿಗೆ ಏಳರ ಸುಮಾರಿಗೆ ತಿಳಿದರೆ, ತೂಕದ ವಿಷಯ ಒಂಬತ್ತಕ್ಕೆ, ಗಾತ್ರದ್ದು ಹನ್ನೊಂದು ಹನ್ನೆರಡಕ್ಕೆ ತಿಳಿಯುತ್ತದೆ ಅಂತ ಅವರೇ ಬರೆದಿದ್ದಾರೆ. ಹಂತಗಳನ್ನು ವಯಸ್ಸಿನ ಪಟ್ಟಿ ಮಾಡಿ ಬಾಯಿಪಾಠ ಮಾಡಿಸಿದವರು ನಾವು, ಮೇಷ್ಟ್ರುಗಳು. ಪಟ್ಟಿ ಸುಳ್ಳಾದಾಗ ಪಿಯಾಜೆಯನ್ನು ಬೈಯುವುದು ನ್ಯಾಯವಲ್ಲ.

ಹೊಂದುತ್ತದಾ ಅಂತ ಕೇಳುವವರಲ್ಲಿ ಒಬ್ಬರಾದರೂ, ಆ ಹಂತ ದಾಟಲು ಬೇಕಾದಷ್ಟು ಬಿಡುವು ನಮ್ಮ ಮಕ್ಕಳಿಗೆ ಸಿಗುತ್ತದಾ ಅಂತ ಕೇಳಬಾರದೇ? ಹರೆಯದವರಿಗೆ ತಾನು ಯಾರು, ತನಗೇನು ಬೇಕು ಅಂತ ಹುಡುಕಿಕೊಳ್ಳಲು ಸಮಾಜ ಸ್ವಲ್ಪ ಕಾಲ ಬಿಟ್ಟುಕೊಡಬೇಕು ಅನ್ನುತ್ತಾರೆ ಎರಿಕ್ಸನ್. 1966ರಲ್ಲಿ ಜೇಮ್ಸ್ ಮಾರ್ಸಿಯಾ ಎಂಬ ಮನಶ್ಶಾಸ್ತ್ರಜ್ಞರು ಅದನ್ನು ಮುಂದುವರಿಸಿದರು. ಹುಡುಕದೆಯೇ ಒಂದು ಪಾತ್ರಕ್ಕೆ ಕಟ್ಟುಬಿದ್ದವರನ್ನು ಅವರು ಬೇರೆಯಾಗಿಯೇ ಗುರುತಿಸಿದರು.

ಯಾದಗಿರಿ ಕಡೆಯ ಒಂದು ಶಾಲೆಯಲ್ಲಿ ಅಂಥ ಹುಡುಗಿಯನ್ನು ನೋಡಿದೆ. ಹದಿನಾಲ್ಕು ವರ್ಷ. ಅಪ್ಪ ಅವ್ವನ ಜೊತೆ ಬೆಂಗಳೂರಿಗೆ ಗುಳೆ ಹೋಗಿ ಆಗತಾನೇ ಬಂದಿದ್ದಳು. ಅಲ್ಲಿ ಕಟ್ಟಡದ ಪಕ್ಕದ ಶೆಡ್ಡಿನಲ್ಲಿ ಅಡುಗೆ ಇವಳದೇ, ತಮ್ಮನೂ ಇವಳದೇ. ಶಾಲೆಗೂ ಅವನನ್ನು ಎತ್ತಿಕೊಂಡೇ ಬಂದಿದ್ದಳು. "ಭಾಳ ತಿಳಿವಳಿಕೆ ಹುಡುಗಿರಿ," ಅಂತ ಎಲ್ಲರೂ ಹೊಗಳಿದರು.

ನಿನಗೆ ಏನು ಇಷ್ಟವಮ್ಮಾ ಅಂತ ಕೇಳಿದೆ. ಬಹಳ ಹೊತ್ತು ಯೋಚಿಸಿದಳು.

"ನಮ್ಮ ತಮ್ಮಗ ಚಕ್ಕುಲಿ ಅಂದ್ರ ಇಷ್ಟರಿ."

"ನಿನಗ?"

ನಕ್ಕಳು. ತಮ್ಮನನ್ನು ಒಂದು ಸೊಂಟದಿಂದ ಇನ್ನೊಂದಕ್ಕೆ ಬದಲಿಸಿಕೊಂಡಳು.